ಕೈ ಮುಟ್ಟದೆ ಎಐ ಸಹಾಯಕವನ್ನು ನಡೆಸುವ ನಾಲ್ಕು ದಾರಿಗಳು: ಗಂಗಾವತಿಯಿಂದ ಒಂದು ಹೋಲಿಕೆ

ಕೀಲಿಮಣೆಯನ್ನಾಗಲಿ ಮೌಸನ್ನಾಗಲಿ ಮುಟ್ಟದೆ, ಬರೀ ಮಾತಿನಿಂದ ಕೋಡ್ ಬರೆದುಕೊಡುವ ಎಐ ಸಹಾಯಕವನ್ನು ನಡೆಸಬೇಕೆನ್ನುವವರಿಗೆ ಇಂದು ಸುಲಭವಾಗಿ ಸಿಗುವ ದಾರಿಗಳು ನಾಲ್ಕು: ವಿಎಸ್ ಕೋಡ್ ಎಂಬ ಕೋಡ್ ಬರೆಯುವ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಸ್ಪೀಚ್ ವಿಸ್ತರಣೆ, ವಿಂಡೋಸ್ 11ರಲ್ಲೇ ಇರುವ ವಾಯ್ಸ್ ಆ್ಯಕ್ಸೆಸ್, ಏಡರ್ ಎಂಬ ಮುಕ್ತ ಸಹಾಯಕ ತಂತ್ರಾಂಶದ ಧ್ವನಿ ಸೌಲಭ್ಯ ಮತ್ತು ಮಾತಿನಿಂದಲೇ ಕಂಪ್ಯೂಟರನ್ನು ನಡೆಸುವ ಟಾಲನ್ ಎಂಬ ತಂತ್ರಾಂಶ. ಗಂಗಾವತಿಯ ಅಕ್ಕಿ ಗಿರಣಿಗಳಿಗೆ ತೂಕ, ಬಿಲ್ಲು, ಹಮಾಲಿ ಲೆಕ್ಕದ ತಂತ್ರಾಂಶ ಬರೆದುಕೊಡುವುದು ನನ್ನ ವೃತ್ತಿ. ಬಲಗೈ ಮಣಿಕಟ್ಟಿನ ನೋವು ಹೆಚ್ಚಾಗಿ, ಟೈಪ್ ಮಾಡುವುದನ್ನು ಆದಷ್ಟು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ ಮೇಲೆ, ಈ ನಾಲ್ಕನ್ನೂ ನಿತ್ಯದ ಕೆಲಸದಲ್ಲೇ ಇಟ್ಟು ಪರೀಕ್ಷಿಸಿದ್ದೇನೆ. ಇದೇ ತೊಂದರೆಯಲ್ಲಿರುವ ಬೇರೆಯವರಿಗೆ ನೆರವಾಗಲಿ ಎಂಬ ಉದ್ದೇಶದಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಮಾತಿನಿಂದ ಸಹಾಯಕವನ್ನು ನಡೆಸುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಏನು ಬೇಕೆಂದು ವಿವರಿಸುವುದು ಒಂದು; ಅದು ಮಾಡಿದ್ದನ್ನು ನೋಡಿ ಒಪ್ಪುವುದು, ತಿರಸ್ಕರಿಸುವುದು, ನಡುವೆ ನಿಲ್ಲಿಸುವುದು ಇನ್ನೊಂದು. 2025ರ ಫೆಬ್ರವರಿಯಲ್ಲಿ ಎಐ ಸಂಶೋಧಕ ಆಂಡ್ರೇ ಕರ್ಪಾಥಿ ಅವರು ‘ವೈಬ್ ಕೋಡಿಂಗ್’ ಎಂಬ ಹೆಸರನ್ನು ಬಳಕೆಗೆ ತಂದಾಗ, ತಾವು ಸಹಾಯಕದೊಂದಿಗೆ ಮಾತನಾಡಿಯೇ ಕೆಲಸ ಮಾಡುವುದಾಗಿಯೂ ಕೀಲಿಮಣೆಯನ್ನು ಮುಟ್ಟುವುದೇ ಅಪರೂಪವೆಂದೂ ಬರೆದಿದ್ದರು. ಅದು ಮುಖ್ಯವಾಗಿ ಮೊದಲನೆಯ ಕೆಲಸದ ವರ್ಣನೆ. ಆದರೆ ಕೈಯನ್ನು ನಿಜವಾಗಿ ದಣಿಸುವುದು ಎರಡನೆಯದು, ಮತ್ತು ಸಾಧನಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದೂ ಅಲ್ಲಿಯೇ. ವಿವರಣೆಯಲ್ಲಿ ನಾಲ್ಕು ಪದ ತಪ್ಪಾಗಿ ದಾಖಲಾದರೂ ಸಹಾಯಕವು ಸಂದರ್ಭದಿಂದ ಅರ್ಥ ಹಿಡಿಯುತ್ತದೆ. ‘ಒಪ್ಪಿದೆ’ ಎಂಬ ಒಂದೇ ಮಾತು ತಪ್ಪಾಗಿ ಕೇಳಿಸಿದರೆ ಅದನ್ನು ಸರಿಪಡಿಸಲು ಯಾವ ಸಂದರ್ಭವೂ ಇರುವುದಿಲ್ಲ.

ವಿಎಸ್ ಕೋಡ್ ಸ್ಪೀಚ್ ಆರಂಭಿಸಲು ಅತ್ಯಂತ ಸುಲಭ. ಕೋಡ್ ಸಂಗ್ರಹಿಸಿಡುವ ತಾಣವಾದ ಗಿಟ್‌ಹಬ್ 2022ರಲ್ಲಿ ‘ಹೇ ಗಿಟ್‌ಹಬ್’ ಎಂದು ಪ್ರಕಟಿಸಿ, ಮುಂದೆ ಕೋಪೈಲಟ್ ವಾಯ್ಸ್ ಎಂದು ಕರೆದ ಪ್ರಯೋಗವು 2024ರಲ್ಲಿ ಮುಗಿಯಿತು. ಅದರ ಅನುಭವ ಈ ವಿಸ್ತರಣೆಗೆ ಒದಗಿದೆ. ಧ್ವನಿಯನ್ನು ನಮ್ಮ ಕಂಪ್ಯೂಟರಿನಲ್ಲೇ ಪಠ್ಯವಾಗಿಸುವುದರಿಂದ ಇಂಟರ್‌ನೆಟ್ ನಿಧಾನವಾದರೂ ಬರವಣಿಗೆ ನಿಲ್ಲುವುದಿಲ್ಲ. ಭಾರತೀಯ ಇಂಗ್ಲಿಷ್ ಆಯ್ಕೆಯಿದೆ, ಕನ್ನಡ ಇಲ್ಲ. ‘ಹೇ ಕೋಡ್’ ಎಂದರೆ ಚಾಟ್ ತೆರೆದುಕೊಂಡು ಕಿವಿಗೊಡುತ್ತದೆ, ಮಾತು ನಿಂತ ಸ್ವಲ್ಪ ಹೊತ್ತಿಗೆ ತಾನೇ ಸಂದೇಶವನ್ನು ಕಳುಹಿಸುತ್ತದೆ. ಆ ಕಾಯುವ ಅವಧಿ ಒಂದು ಸೆಕೆಂಡಿನ ಆಸುಪಾಸಿನಲ್ಲಿದ್ದರೆ, ಯೋಚಿಸುತ್ತ ಮಾತನಾಡುವವರಿಗೆ ಅದು ತೀರ ಕಡಿಮೆ; ‘ತೇವಾಂಶ ಶೇಕಡಾ 17 ಮೀರಿದರೆ’ ಎಂದು ಹೇಳಿ ಮುಂದಿನ ಷರತ್ತನ್ನು ನೆನೆಯುವಷ್ಟರಲ್ಲಿ ಅರ್ಧ ವಾಕ್ಯವೇ ಹೊರಟುಹೋಗಿರುತ್ತದೆ. ಸೆಟ್ಟಿಂಗ್‌ನಲ್ಲಿ ಅವಧಿಯನ್ನು ಹೆಚ್ಚಿಸಬಹುದು, ಸೊನ್ನೆ ಮಾಡಿದರೆ ತಾನಾಗಿ ಕಳುಹಿಸುವುದು ನಿಲ್ಲುತ್ತದೆ. ಆದರೆ ಆಗ ಎಂಟರ್ ಒತ್ತಲು ಕೈಯೇ ಬೇಕಾಗುತ್ತದೆ. ಉತ್ತರವನ್ನು ಓದಿ ಹೇಳಿಸುವ ಸೌಲಭ್ಯ ಚೆನ್ನಾಗಿದೆ. ಸಹಾಯಕವು ಮಾಡಿದ ಬದಲಾವಣೆಯನ್ನು ಉಳಿಸುವ ಅಥವಾ ಕೈಬಿಡುವ ಗುಂಡಿಗಳನ್ನು ಒತ್ತುವುದು ಮಾತ್ರ ಈ ವಿಸ್ತರಣೆಯ ಕೆಲಸವಲ್ಲ. ಹಾಗಾಗಿ ಇದು ವಿವರಿಸುವುದಕ್ಕೆ ಒಳ್ಳೆಯ ಸಾಧನವೇ ಹೊರತು ನಡೆಸುವುದಕ್ಕಲ್ಲ.

ಆ ಕೊರತೆಯನ್ನು ವಾಯ್ಸ್ ಆ್ಯಕ್ಸೆಸ್ ಬಹುಮಟ್ಟಿಗೆ ತುಂಬುತ್ತದೆ. ಒಮ್ಮೆ ಭಾಷೆಯ ಕಡತ ಇಳಿಸಿಕೊಂಡರೆ ಇದೂ ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆ. ‘ಶೋ ನಂಬರ್ಸ್’ ಎಂದರೆ ಪರದೆಯ ಮೇಲಿನ ಪ್ರತಿಯೊಂದು ಗುಂಡಿಗೂ ಒಂದು ಸಂಖ್ಯೆ ಅಂಟಿಕೊಳ್ಳುತ್ತದೆ, ಬೇಕಾದ ಸಂಖ್ಯೆಯನ್ನು ಹೇಳಿದರೆ ಅದು ಒತ್ತಿದಂತಾಗುತ್ತದೆ. ‘ಪ್ರೆಸ್ ಎಂಟರ್’, ‘ಪ್ರೆಸ್ ಎಸ್ಕೇಪ್’, ‘ಸ್ಕ್ರೋಲ್ ಡೌನ್’ ಎಂಬ ಮಾತುಗಳು ಯಾವ ತಂತ್ರಾಂಶದಲ್ಲಾದರೂ ನಡೆಯುತ್ತವೆ. ಹಣ ಖರ್ಚಿಲ್ಲ, ಬೇರೇನನ್ನೂ ಹಾಕಿಕೊಳ್ಳಬೇಕಾಗಿಲ್ಲ. ಆದರೆ ವಿಎಸ್ ಕೋಡ್‌ನಂಥ ಕಿಕ್ಕಿರಿದ ಪರದೆಯಲ್ಲಿ ಸಂಖ್ಯೆಗಳು ಒಂದರ ಮೇಲೊಂದು ಬಂದು ಕೋಡೇ ಮರೆಯಾಗುತ್ತದೆ, ಮತ್ತು ಪ್ರತಿ ಒಪ್ಪಿಗೆಗೂ ಎರಡು ಹಂತಗಳ ಮಾತು ಬೇಕು. ದಿನಕ್ಕೆ ಕೆಲವೇ ಸಲ ಸಹಾಯಕವನ್ನು ಕರೆಯುವವರಿಗೆ ಇಷ್ಟು ಸಾಕು. ದಿನವಿಡೀ ಬಳಸುವವರಿಗೆ ಗಂಟಲು ಸೋಲುತ್ತದೆ.

ಏಡರ್ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಬರೀ ಪಠ್ಯದ ಆಜ್ಞೆಗಳಿಂದ ನಡೆಯುವ ಕಿಟಕಿಯಲ್ಲಿ, ಧ್ವನಿಯ ಆಜ್ಞೆ ಕೊಟ್ಟು ಮಾತನಾಡಿ, ಮುಗಿದ ಮೇಲೆ ಎಂಟರ್ ಒತ್ತಿದರೆ ಓಪನ್‌ಎಐನ ವಿಸ್ಪರ್ ಸೇವೆ ಮಾತನ್ನು ಪಠ್ಯವಾಗಿಸುತ್ತದೆ. ಮಾತಿನ ಗುಣಮಟ್ಟದಲ್ಲಿ, ಅದರಲ್ಲೂ ನಮ್ಮ ಉಚ್ಚಾರಣೆಯ ಇಂಗ್ಲಿಷನ್ನು ಹಿಡಿಯುವುದರಲ್ಲಿ, ನಾಲ್ಕರಲ್ಲಿ ಇದನ್ನೇ ಮೊದಲಿಗೆ ಇಡುತ್ತೇನೆ. ಪ್ರತಿ ಬದಲಾವಣೆಯನ್ನೂ ಏಡರ್ ತಾನೇ ಗಿಟ್‌ಗೆ (ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶಕ್ಕೆ) ಸೇರಿಸುವುದರಿಂದ ಹಿಂದಿರುಗಲು ಒಂದೇ ಆಜ್ಞೆ ಸಾಕು. ಇದು ಮಾತಿನಿಂದ ಕೆಲಸ ಮಾಡುವವರಿಗೆ ದೊಡ್ಡ ಧೈರ್ಯ. ಆದರೆ ಆರಂಭಕ್ಕೂ ಅಂತ್ಯಕ್ಕೂ ಕೀಲಿ ಬೇಕು, ಇಂಟರ್‌ನೆಟ್ ಬೇಕು, ಸೇವೆಯ ಶುಲ್ಕವನ್ನೂ ಕೊಡಬೇಕು. ವಿಸ್ಪರ್ ಮಾದರಿಗೆ ಇನ್ನೊಂದು ಹೆಸರಾದ ದೋಷವಿದೆ: ಮೌನವನ್ನೋ ಬರೀ ಸದ್ದನ್ನೋ ಕೇಳಿಸಿದಾಗ ಯಾರೂ ಆಡದ ವಾಕ್ಯವನ್ನು ಬರೆದುಬಿಡುವುದುಂಟು. ಬರೆದ ಪಠ್ಯವನ್ನು ಕಳುಹಿಸುವ ಮೊದಲು ಕಣ್ಣಾಡಿಸುವ ಅವಕಾಶವನ್ನು ಏಡರ್ ಕೊಡುವುದರಿಂದ ಹಾನಿಯಾಗುವುದಿಲ್ಲ.

ಟಾಲನ್ ಬೇರೆಯದೇ ಜಾತಿಯ ಸಾಧನ. ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಉಚಿತವಾಗಿ ಸಿಗುತ್ತದೆ, ಬಳಕೆದಾರರ ಸಮುದಾಯ ಬರೆದಿಟ್ಟ ಆಜ್ಞೆಗಳ ದೊಡ್ಡ ಸಂಗ್ರಹ ಇದಕ್ಕಿದೆ. ಒಂದೊಂದು ಅಕ್ಷರಕ್ಕೂ ಒಂದು ಗಿಡ್ಡ ಪದ ಗೊತ್ತುಮಾಡಿದ್ದಾರೆ: ಏರ್, ಬ್ಯಾಟ್, ಕ್ಯಾಪ್, ಡ್ರಮ್, ಈಚ್, ಫೈನ್ ಹೀಗೆ. ‘ಸ್ನೇಕ್’ ಎಂದು ಮೊದಲು ಹೇಳಿ ನಂತರ ಪದಗಳನ್ನು ಹೇಳಿದರೆ ನಡುವೆ ಅಡಿಗೆರೆ ಬರುತ್ತದೆ, ‘ಹ್ಯಾಮರ್’ ಎಂದರೆ ಪ್ರತಿ ಪದದ ಮೊದಲಕ್ಷರ ದೊಡ್ಡದಾಗಿ ಎಲ್ಲವೂ ಕೂಡಿಕೊಳ್ಳುತ್ತವೆ. ಇವೆಲ್ಲ ನಾಲಗೆಗೆ ಕೂರಲು ತಿಂಗಳುಗಟ್ಟಲೆ ಅಭ್ಯಾಸ ಬೇಕು, ಆ ಶ್ರಮ ಸಣ್ಣದೇನಲ್ಲ. ಆದರೆ ಎಐ ಸಹಾಯಕದ ಜೊತೆ ಬಳಸುವವರಿಗೆ ಅಷ್ಟೂ ಬೇಕಾಗಿಲ್ಲ; ಕೋಡನ್ನು ಅಕ್ಷರಶಃ ಬರೆಯುವುದು ಸಹಾಯಕದ ಪಾಲಿಗೆ ಹೋಗಿರುವುದರಿಂದ ನಮಗೆ ಉಳಿಯುವುದು ಕೆಲವೇ ಆಜ್ಞೆಗಳು.

ಟಾಲನ್ ನನ್ನ ಕೆಲಸಕ್ಕೆ ಏಕೆ ಹೊಂದಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬರೆಸಿಕೊಳ್ಳುವ ಯಂತ್ರಗಳು ಭಾಷೆಯ ಎಲ್ಲ ಪದಗಳ ನಡುವೆ ಹುಡುಕಾಡುತ್ತವೆ. ಆಜ್ಞೆಯ ಸ್ಥಿತಿಯಲ್ಲಿರುವ ಟಾಲನ್ ಆ ಹೊತ್ತಿಗೆ ಜಾರಿಯಲ್ಲಿರುವ ಆಜ್ಞೆಗಳ ನಡುವೆ ಮಾತ್ರ ಆರಿಸುತ್ತದೆ. ಆಜ್ಞೆಗಳು ಯಾವುವೆಂಬುದನ್ನು ಸರಳ ಪಠ್ಯದ ಕಡತದಲ್ಲಿ ನಾವೇ ಬರೆಯಬಹುದು, ಯಾವ ತಂತ್ರಾಂಶದಲ್ಲಿ ಮಾತ್ರ ನಡೆಯಬೇಕೆಂದೂ ಗೊತ್ತುಮಾಡಬಹುದು. ಕ್ಲಾಡ್ ಕೋಡ್‌ನಂಥ ಟರ್ಮಿನಲ್ ಸಹಾಯಕವು ಅನುಮತಿ ಕೇಳುವಾಗ ಸಂಖ್ಯೆ ಹಾಕಿದ ಆಯ್ಕೆಗಳನ್ನು ಮುಂದಿಡುತ್ತದೆ, ಎಸ್ಕೇಪ್ ಕೀಲಿಗೆ ಕೆಲಸ ನಿಲ್ಲಿಸುತ್ತದೆ. ಹಾಗಾಗಿ ನಾನು ಒಪ್ಪಿಗೆಗೆ ಮೂರು ಪದಗಳ ನುಡಿಯನ್ನೂ, ನಿಲ್ಲಿಸುವುದಕ್ಕೆ ಒಂದೇ ಉಸಿರಿನ ಗಿಡ್ಡ ಪದವನ್ನೂ ಇಟ್ಟುಕೊಂಡಿದ್ದೇನೆ. ಇದರ ಹಿಂದಿನ ಲೆಕ್ಕಾಚಾರ ಸರಳ: ಬೇಡದೆ ನಿಂತರೆ ಅರ್ಧ ನಿಮಿಷ ಹೋಗುತ್ತದೆ, ಬೇಡದೆ ಒಪ್ಪಿದರೆ ಗಿರಣಿಯ ದತ್ತಾಂಶವೇ ಹೋಗಬಹುದು. ಪಕ್ಕದ ಮೇಜಿನ ಹುಡುಗ ‘ಅಣ್ಣಾರ, ಬಿಲ್ ತೆಗೀಲೇನ್ರಿ?’ ಎಂದು ಕೇಳಿ, ನಾನು ‘ಹ್ಞೂಂ, ತೆಗಿ’ ಎಂದರೆ, ಆ ಮಾತು ಯಾವ ಆಜ್ಞೆಗೂ ಹೊಂದದೆ ಬಿದ್ದುಹೋಗಬೇಕು. ಮೂರು ಪದಗಳ ನುಡಿಯಿಟ್ಟ ಮೇಲೆ ಹಾಗೆಯೇ ನಡೆಯುತ್ತಿದೆ. ಸಹಾಯಕ ಬರೆದ ಕೋಡಿನಲ್ಲಿ ಚಿಕ್ಕ ತಿದ್ದುಪಡಿ ಬೇಕಾದಾಗ ಕರ್ಸರ್‌ಲೆಸ್ ಎಂಬ ವಿಸ್ತರಣೆ ಟಾಲನ್ ಜೊತೆ ಸೇರುತ್ತದೆ; ಅದು ಪ್ರತಿ ಪದದ ಒಂದು ಅಕ್ಷರದ ಮೇಲೆ ಬಣ್ಣದ ಚಿಕ್ಕ ಟೋಪಿ ಇಡುತ್ತದೆ, ‘ಚಕ್ ಲೈನ್ ಏರ್’ ಎಂದರೆ ಆ ಗುರುತಿರುವ ಸಾಲು ಅಳಿಯುತ್ತದೆ.

ನಾಲ್ಕಕ್ಕೂ ಸಮಾನವಾದ ಒಂದು ತೊಡಕು ನಮ್ಮ ಭಾಗದ ಹೆಸರುಗಳದು. ನನ್ನ ತಂತ್ರಾಂಶದ ಕೋಷ್ಟಕಗಳಿಗೆ ಭತ್ತ, ಚೀಲ, ಹಮಾಲಿ, ನುಚ್ಚು, ತೌಡು ಎಂಬ ಹೆಸರುಗಳೇ ಇವೆ. ಇಂಗ್ಲಿಷ್ ವಾಕ್ಯದ ನಡುವೆ ‘ಭತ್ತ’ ಎಂದರೆ ಪರದೆಯ ಮೇಲೆ ಬೆಣ್ಣೆಯ ಇಂಗ್ಲಿಷ್ ಹೆಸರು ಮೂಡುತ್ತದೆ. ಇದಕ್ಕೆ ಧ್ವನಿ ಯಂತ್ರವನ್ನು ಬದಲಿಸುವುದು ಪರಿಹಾರವಲ್ಲ. ಸಹಾಯಕವು ಪ್ರತಿ ಸಲ ಓದುವ ಸೂಚನಾ ಕಡತದಲ್ಲಿ, ಈ ಯೋಜನೆಯಲ್ಲಿ ಬೆಣ್ಣೆ ಎಂದು ಕಂಡರೆ ಭತ್ತ ಎಂದು ತಿಳಿಯಬೇಕೆಂಬ ಪಟ್ಟಿಯನ್ನು ಬರೆದಿಟ್ಟರೆ ಸಾಕು. ಟಾಲನ್‌ನಲ್ಲಾದರೆ ಪದ ಬದಲಿಸುವ ಪಟ್ಟಿಯಲ್ಲೇ ಇದನ್ನು ಸೇರಿಸಬಹುದು.

ಅಂಕಿಗಳ ವಿಷಯ ಇಷ್ಟು ಸುಲಭವಲ್ಲ. ನಮ್ಮಲ್ಲಿ ಭತ್ತದ ದರ 75 ಕಿಲೋ ಚೀಲದ ಲೆಕ್ಕದಲ್ಲಿ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ. ಹಾಗಾಗಿ ಕೋಡಿನ ತುಂಬ ಪರಿವರ್ತನೆಗಳೇ. ಬೆಂಬಲ ಬೆಲೆಯ ಖರೀದಿಗೆ ತೇವಾಂಶದ ಮಿತಿ ಶೇಕಡಾ 17. ಇಂಗ್ಲಿಷಿನಲ್ಲಿ ಹದಿನೇಳು ಎಂದದ್ದು ಎಪ್ಪತ್ತಾಗಿ ದಾಖಲಾದರೆ, ಶೇಕಡಾ 70 ತೇವಾಂಶದ ಭತ್ತ ಅಸಂಬದ್ಧವೆಂದು ಒಳ್ಳೆಯ ಸಹಾಯಕವು ತಿರುಗಿ ಕೇಳುತ್ತದೆ. ಆದರೆ ಹಮಾಲಿ ದರ 15 ರೂಪಾಯಿ ಎಂದದ್ದು 50 ಆದರೆ ಅದು ಕೇಳುವುದಿಲ್ಲ, ಏಕೆಂದರೆ ಎರಡೂ ಇರಬಹುದಾದ ದರಗಳೇ. ಆದ್ದರಿಂದ ಅಂಕಿಗಳನ್ನು ಬಿಡಿಬಿಡಿಯಾಗಿ, ಒಂದು ಐದು ಎಂದು, ಹೇಳುವುದನ್ನೇ ನಿಯಮ ಮಾಡಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ಸದ್ದಿನ ಪ್ರಶ್ನೆಯನ್ನು ಬೆಂಗಳೂರಿನ ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿರಲಿಕ್ಕಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವಾಗ ಫ್ಯಾನು, ಕೂಲರ್ ಆರಿಸಿ ಕೆಲಸ ಮಾಡುವುದು ಸಾಧ್ಯವೇ ಇಲ್ಲ. ಲ್ಯಾಪ್‌ಟಾಪಿನ ಒಳಗಿನ ಮೈಕ್ ಬಳಸಿದಾಗ ನಾಲ್ಕೂ ಸಾಧನಗಳು ಸೋತವು. ತುಟಿಯ ಹತ್ತಿರ ಬರುವ ಕಡ್ಡಿಮೈಕ್ ಇರುವ ತಂತಿಯ ಹೆಡ್‌ಸೆಟ್ ಹಾಕಿಕೊಂಡಾಗ ನಾಲ್ಕೂ ಸುಧಾರಿಸಿದವು, ಮತ್ತು ಆ ಸುಧಾರಣೆ ಒಂದು ಸಾಧನದಿಂದ ಇನ್ನೊಂದಕ್ಕೆ ಹೋದಾಗ ಕಂಡ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು. ಟಾಲನ್‌ನಲ್ಲಿ ಬಾಯಿಂದ ‘ಸ್ಸ್’ ಎಂದರೆ ಪುಟ ಸರಿಯುವಂತೆ ಮಾಡುವ ಸೌಲಭ್ಯವಿದೆ. ಕೂಲರ್ ಎದುರಿಗೆ ಕೂರುವವರು ಅದನ್ನು ಆರಿಸಿಡುವುದೇ ಲೇಸು.

ಕನ್ನಡದಲ್ಲೇ ಹೇಳಬಹುದೇ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಏಕೆಂದರೆ ಗಿರಣಿ ಮಾಲೀಕರು ತಮ್ಮ ಬೇಡಿಕೆಯನ್ನು ಹೇಳುವುದು ಕನ್ನಡದಲ್ಲಿ, ನಾನು ಲೆಕ್ಕ ಯೋಚಿಸುವುದೂ ಕನ್ನಡದಲ್ಲಿ. ಏಡರ್‌ನಲ್ಲಿ ಭಾಷೆಯನ್ನು ಕನ್ನಡವೆಂದು ಗೊತ್ತುಮಾಡಬಹುದು. ಆದರೆ 2022ರಲ್ಲಿ ಹೊರಬಂದ ಮೊದಲ ವಿಸ್ಪರ್ ಮಾದರಿಗೆ ತರಬೇತಿ ಕೊಟ್ಟ 6.8 ಲಕ್ಷ ಗಂಟೆಗಳ ಧ್ವನಿಯಲ್ಲಿ ಕನ್ನಡದ ಪಾಲು ತೀರ ಅತ್ಯಲ್ಪ, ಅದು ಬರೆದ ಸಾಲುಗಳಲ್ಲೂ ಕಾಣುತ್ತದೆ. ಗೂಗಲ್ ತನ್ನ ಧ್ವನಿ ಬರವಣಿಗೆಗೆ 2017ರಲ್ಲೇ ಕನ್ನಡವನ್ನು ಸೇರಿಸಿದೆ, ಮತ್ತು ಗೂಗಲ್ ಡಾಕ್ಸ್‌ನಲ್ಲಿ ಅದನ್ನು ಬಳಸಿದಾಗ ‘ಚೀಲದ ತೂಕದಾಗ ತೇವಾಂಶದ ಕಡಿತ ಮೊದಲ ಕಳೀಬೇಕು, ಆಮ್ಯಾಲೆ ಹಮಾಲಿ’ ಎಂಬಂಥ ನಮ್ಮ ಕಡೆಯ ಮಾತು ಸಹ ಅರ್ಥ ಕೆಡದಷ್ಟು ಸರಿಯಾಗಿ ಮೂಡುತ್ತದೆ. ಸಹಾಯಕಗಳು ಈ ಕನ್ನಡವನ್ನು ಓದಿ ಸರಿಯಾದ ಕೋಡು ಬರೆಯುತ್ತವೆ. ಇಂಗ್ಲಿಷಿಗೆ ತಿರುಗಿಸುವ ಅಗತ್ಯ ನನಗೆ ಕಂಡಿಲ್ಲ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡವು ಭಾರತೀಯ ಭಾಷೆಗಳಿಗಾಗಿ ಮುಕ್ತವಾಗಿ ಕೊಟ್ಟಿರುವ ಇಂಡಿಕ್‌ಕನ್‌ಫಾರ್ಮರ್ ಮಾದರಿಗಳಲ್ಲಿ ಕನ್ನಡವೂ ಇದೆ. ಸ್ವಂತ ಕಂಪ್ಯೂಟರಿನಲ್ಲಿ ನಡೆಸಬಲ್ಲವರಿಗೆ ಅದು ಇಂಟರ್‌ನೆಟ್ ಬೇಡದ ದಾರಿ.

ಈಗ ನಾನು ಅನುಸರಿಸುತ್ತಿರುವುದು ಜೋಡಿ ವ್ಯವಸ್ಥೆ. ವಿವರಣೆಯನ್ನು ಡಾಕ್ಸ್‌ನಲ್ಲಿ ಕನ್ನಡದಲ್ಲಿ ಹೇಳುತ್ತೇನೆ, ಆ ಹೊತ್ತಿನಲ್ಲಿ ಟಾಲನ್ ಮಲಗಿರುತ್ತದೆ. ಹೇಳಿ ಮುಗಿಸಿ ‘ಟಾಲನ್ ವೇಕ್’ ಎಂದು ಎಬ್ಬಿಸಿ, ಅದರ ಆಜ್ಞೆಗಳಿಂದಲೇ ಡಾಕ್ಸ್‌ನ ಮೈಕ್ ಆರಿಸಿ, ಪಠ್ಯವನ್ನು ನಕಲಿಸಿ ಟರ್ಮಿನಲ್‌ಗೆ ಅಂಟಿಸುತ್ತೇನೆ. ಎಬ್ಬಿಸುವ ಆ ಎರಡು ಪದಗಳು ಕನ್ನಡ ಅಕ್ಷರದಲ್ಲಿ ಪಠ್ಯದ ಕೊನೆಗೆ ಸೇರಿಕೊಳ್ಳುವುದನ್ನು ತಪ್ಪಿಸಲಾಗದು. ಅವನ್ನು ಕಡೆಗಣಿಸಬೇಕೆಂದು ಸೂಚನಾ ಕಡತದಲ್ಲಿ ಒಂದು ಸಾಲು ಬರೆದಿದ್ದೇನೆ. ಒಪ್ಪಿಗೆ, ತಿರಸ್ಕಾರ, ನಿಲುಗಡೆ ಎಲ್ಲವೂ ಟಾಲನ್‌ನ ಇಂಗ್ಲಿಷ್ ಆಜ್ಞೆಗಳಿಂದ. ಇಂಟರ್‌ನೆಟ್ ತೀರ ನಿಧಾನವಾದ ದಿನ ವಿವರಣೆಯನ್ನು ವಿಎಸ್ ಕೋಡ್ ಸ್ಪೀಚ್‌ಗೆ ಇಂಗ್ಲಿಷಿನಲ್ಲಿ ಹೇಳಿ, ಕಾಯುವ ಅವಧಿಯನ್ನು ಸೊನ್ನೆ ಮಾಡಿ, ಎಂಟರ್ ಒತ್ತುವುದನ್ನು ಟಾಲನ್‌ಗೆ ಬಿಡುತ್ತೇನೆ. ಹೊಸದಾಗಿ ಆರಂಭಿಸುವವರು ಮೊದಲು ಹೆಡ್‌ಸೆಟ್ ಕೊಂಡು ವಾಯ್ಸ್ ಆ್ಯಕ್ಸೆಸ್‌ನಿಂದ ಕೆಲವು ವಾರ ಕೆಲಸ ನಡೆಸಿ, ಅದರಲ್ಲಿ ಪದೇ ಪದೇ ಹೇಳಬೇಕಾಗಿ ಬಂದ ಮಾತುಗಳನ್ನು ಗುರುತಿಸಿಟ್ಟುಕೊಂಡು, ಅವಷ್ಟಕ್ಕೇ ಟಾಲನ್‌ನಲ್ಲಿ ಆಜ್ಞೆ ಬರೆದುಕೊಳ್ಳುವುದು ಸೂಕ್ತ.