ಕೈಗಂಟಿದ ಬಿಲ್ಲೆ: ಮೂರು ವರ್ಷ, 34 ಸೆನ್ಸರ್

ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಎಂಬ ಬಿಲ್ಲೆ, ಮೈಯೊಳಗಿನ ಸಕ್ಕರೆಯನ್ನು ಹಗಲೂ ರಾತ್ರಿ ಅಳೆದು ಫೋನಿನಲ್ಲಿ ಗೆರೆಯಾಗಿ ತೋರಿಸುತ್ತದೆ. ಮೊದಲ ಸೆನ್ಸರ್ ಹಾಕಿಕೊಂಡ ಮೂರನೇ ದಿನ ಬೆಳಿಗ್ಗೆ ಎದ್ದು ಫೋನ್ ನೋಡಿದೆ. ರಾತ್ರಿ ಎರಡರಿಂದ ನಾಲ್ಕರವರೆಗೆ ಗೆರೆ 70ರ ಕೆಳಗೇ, ಅಂದರೆ ಇರಬೇಕಾದ್ದಕ್ಕಿಂತ ಕಡಿಮೆಯೇ ಇತ್ತು, ಒಂದು ಕಡೆ 56ಕ್ಕೆ ಇಳಿದಿತ್ತು. ಆರು ಗಂಟೆಗೆ ಮತ್ತೆ 140. ಅಲ್ಲಿಯವರೆಗೆ ವರ್ಷಗಟ್ಟಲೆ ನಾನು ಬೆರಳು ಚುಚ್ಚಿ ನೋಡಿ, ಡೈರಿಯಲ್ಲಿ ಬರೆದು ಡಾಕ್ಟರಿಗೆ ತೋರಿಸುತ್ತಿದ್ದದ್ದು ಆ ಆರು ಗಂಟೆಯ ಅಂಕಿಯನ್ನು ಮಾತ್ರ. ಎದ್ದಾಗ ತಲೆ ಭಾರ, ನೈಟಿ ಬೆವರಿಗೆ ಒದ್ದೆ. ಮುಟ್ಟು ನಿಲ್ಲುವ ವಯಸ್ಸು, ಅದಕ್ಕೇ ಹೀಗೆ ಅಂತ ನಾನೂ ಅಂದುಕೊಂಡಿದ್ದೆ, ಮನೆಯವರೂ ಅದನ್ನೇ ಹೇಳಿದ್ದರು.

ಡಾಕ್ಟರು ಆ ಗೆರೆಯನ್ನು ಕೂಡಲೇ ನಂಬಲಿಲ್ಲ. ಎರಡು ರಾತ್ರಿ ಮೂರು ಗಂಟೆಗೆ ಅಲಾರಂ ಇಟ್ಟು ಬೆರಳು ಚುಚ್ಚಿ ನೋಡಿ ಎಂದರು. ಒಂದು ದಿನ 61, ಇನ್ನೊಂದು ದಿನ 64 ಬಂತು. ಆಮೇಲೆ ಸಂಜೆಯ ಇನ್ಸುಲಿನ್ ಕಡಿಮೆ ಮಾಡಿಕೊಟ್ಟರು. ವಾರದೊಳಗೆ ಬೆವರು ನಿಂತಿತು. ಈ ಬಿಲ್ಲೆಗೆ ಸುರಿದ ದುಡ್ಡು ದಂಡವಲ್ಲ ಎಂದು ನನಗೆ ಅನ್ನಿಸಿದ್ದು ಆ ವಾರ.

ನನ್ನದು ಟೈಪ್ 2 ಸಕ್ಕರೆ ಕಾಯಿಲೆ. ಕಾಯಿಲೆ ಬಂದು ಹದಿನಾರು ವರ್ಷ, ಇನ್ಸುಲಿನ್ ಶುರುವಾಗಿ ಆರು ವರ್ಷ. ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ. ಸೆನ್ಸರ್ ಶಿವಮೊಗ್ಗದಿಂದ ತರಿಸಬೇಕು. ಒಂದಕ್ಕೆ ಐದು ಸಾವಿರದ ಆಸುಪಾಸು, ಬಾಳಿಕೆ 14 ದಿನ. ಮೊದಲ ಆರು ತಿಂಗಳು ಬಿಡದೆ ಹಾಕಿದೆ. ಈಗ ಹಾಗೆ ಹಾಕುವುದಿಲ್ಲ, ಕಾರಣ ಮುಂದೆ ಹೇಳುತ್ತೇನೆ.

ಹಾಕಿಕೊಳ್ಳುವುದು ಸುಲಭ. ತೋಳಿನ ಹಿಂಭಾಗಕ್ಕೆ ಅಪ್ಲಿಕೇಟರ್ ಒತ್ತಿದರೆ ಟಕ್ ಎನ್ನುತ್ತದೆ, ಅಷ್ಟೆ. ಸೂಜಿ ಹೊರಗೆ ಬಂದುಬಿಡುತ್ತದೆ. ಚರ್ಮದ ಕೆಳಗೆ ಉಳಿಯುವುದು ಸುಮಾರು ಅರ್ಧ ಸೆಂಟಿಮೀಟರ್ ಉದ್ದದ, ಕೂದಲಿನಂಥ ಒಂದು ಎಳೆ. ಹೊರಗೆ ಕಾಣುವುದು ಅಡಿಕೆ ಹೋಳಿಗಿಂತ ಚೂರು ಅಗಲದ ಬಿಳಿ ಬಿಲ್ಲೆ. ಒಂದು ಗಂಟೆ ಕಾದರೆ ಅಂಕಿ ಬರಲು ಶುರು. ನಮ್ಮ ಅತ್ತೆ ಅದನ್ನು ನೋಡಿ, "ಎಂತದೆ ಮಾರಾಯ್ತಿ ಅದು, ದನದ ಕಿವಿಗೆ ಹೊಡೆದಂಗೆ ಹೊಡೆಸ್ಕಂಡಿಯಲೆ!" ಎಂದು ಗಾಬರಿಯಾದರು. ಈಗ ಅವರೇ ರಾತ್ರಿ ಮಲಗುವ ಮೊದಲು "ಎಷ್ಟಿದೆ?" ಎಂದು ಕೇಳಿ ಮಲಗುತ್ತಾರೆ.

ಹೊಸಬರಿಗೆ ಮೊದಲು ತಿಳಿಯಬೇಕಾದ ವಿಷಯ: ಇದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವದಲ್ಲಿರುವ ಸಕ್ಕರೆಯನ್ನು. ರಕ್ತದಲ್ಲಿ ಆದ ಏರಿಳಿತ ಅಲ್ಲಿಗೆ ತಲುಪಲು ಐದರಿಂದ ಹದಿನೈದು ನಿಮಿಷ ಬೇಕು. ಕೂತಿದ್ದಾಗ ಇದು ಲೆಕ್ಕಕ್ಕಿಲ್ಲ. ತೋಟದಿಂದ ಸೊಪ್ಪಿನ ಹೊರೆ ಹೊತ್ತು ದರೆ ಹತ್ತುವಾಗ ಲೆಕ್ಕಕ್ಕಿದೆ. ಒಂದು ದಿನ ಅರ್ಧ ದಾರಿಯಲ್ಲಿ ಕೈ ನಡುಗಿತು. ಫೋನಿನಲ್ಲಿ 112 ಇತ್ತು, ಪಕ್ಕದಲ್ಲಿ ನೇರ ಕೆಳಕ್ಕೆ ಬಾಣ, ಅಂದರೆ ಸಕ್ಕರೆ ಬೇಗ ಇಳಿಯುತ್ತಿದೆ ಎಂದು. 112 ಇದೆಯಲ್ಲ ಎಂದು ಹತ್ತುತ್ತಲೇ ಹೋದೆ. ಅಂಗಳಕ್ಕೆ ಬಂದು ಬೆರಳು ಚುಚ್ಚಿದರೆ 63. ಅಂಕಿಗಿಂತ ಬಾಣ ಮುಖ್ಯ ಎಂದು ನಾನು ಕಲಿತದ್ದು ಹೀಗೆ.

ಅವತ್ತೇ ಇನ್ನೊಂದು ತಪ್ಪನ್ನೂ ಮಾಡಿದೆ. ಬೆಲ್ಲ ತಿಂದೆ. ಹತ್ತು ನಿಮಿಷವಾದರೂ ಫೋನಿನಲ್ಲಿ ಅಂಕಿ ಇಳಿಯುತ್ತಲೇ ಇತ್ತು. ಹೆದರಿ ಮತ್ತೆ ಬೆಲ್ಲ, ಎರಡು ಬಾಳೆಹಣ್ಣು, ಸಕ್ಕರೆ ಹಾಕಿದ ಟೀ. ಮಧ್ಯಾಹ್ನ 271! ಲೋ ಆದಾಗ, ಅಂದರೆ 70ರ ಕೆಳಗೆ ಇಳಿದಾಗ, 15 ಗ್ರಾಂ ಸಕ್ಕರೆ ತಿಂದು 15 ನಿಮಿಷ ಕಾದು ಮತ್ತೆ ನೋಡುವುದು ಡಾಕ್ಟರು ಹೇಳಿಕೊಟ್ಟ ಕ್ರಮ. ಆ ಮರುಪರೀಕ್ಷೆಯನ್ನು ನಾನೀಗ ಬೆರಳು ಚುಚ್ಚಿಯೇ ಮಾಡುತ್ತೇನೆ, ಸೆನ್ಸರ್ ನೋಡಿ ಅಲ್ಲ. ಸೆನ್ಸರ್ ಇದೆಯೆಂದು ಮೀಟರನ್ನೂ ಸ್ಟ್ರಿಪ್ಪನ್ನೂ ಬಿಸಾಡಬೇಡಿ.

ರಾತ್ರಿಯ ಅಲಾರಮ್ಮಿಗೂ ಇದೇ ಮಾತು. ಒಮ್ಮೆ ಎರಡೂವರೆಗೆ 54 ಎಂದು ಕೂಗಿಕೊಂಡಿತು. ಮನೆಯವರು ದಡಬಡಿಸಿ ಎದ್ದು ಸಕ್ಕರೆ ಡಬ್ಬಿ ತಂದರು. ಬೆರಳಿನಲ್ಲಿ 103. ನಾನು ಎಡಮಗ್ಗುಲಾಗಿ, ಸೆನ್ಸರಿನ ಮೇಲೇ ಮಲಗಿದ್ದೆ. ಆ ಜಾಗ ಒತ್ತಿಹೋದರೆ ಹೀಗೆ ಸುಳ್ಳು ಲೋ ತೋರಿಸುತ್ತದೆಯಂತೆ. ಎಡಮಗ್ಗುಲ ನಿದ್ದೆ ಬಿಡಲು ನನ್ನಿಂದಾಗದು. ಅದಕ್ಕೇ ಈಗ ಹೆಚ್ಚಾಗಿ ಬಲತೋಳಿಗೆ ಹಾಕುತ್ತೇನೆ, ಜಾಗ ಮಾತ್ರ ಪ್ರತಿಸಲ ಎರಡು ಬೆರಳು ಸರಿಸುತ್ತೇನೆ.

ಊಟದ ವಿಷಯಕ್ಕೆ ಬಂದರೆ ಬರೆದಷ್ಟೂ ಇದೆ. ನಮ್ಮದು ಬೆಳಿಗ್ಗೆ ಅಕ್ಕಿ, ಮಧ್ಯಾಹ್ನ ಅಕ್ಕಿ, ರಾತ್ರಿಯೂ ಅಕ್ಕಿ. ಅಕ್ಕಿ ಬಿಡಿ ಎಂದು ಹದಿನಾರು ವರ್ಷದಿಂದ ಎಲ್ಲರೂ ಹೇಳಿದ್ದಾರೆ, ಮಲೆನಾಡಿನ ಮನೆಯಲ್ಲಿ ಅದು ಹೇಗೆ ಸಾಧ್ಯವೆಂದು ಯಾರೂ ಹೇಳಿಲ್ಲ. ಸೆನ್ಸರ್ ಬಿಡು ಎನ್ನಲಿಲ್ಲ, ಯಾವುದು ಏನು ಮಾಡುತ್ತದೆಂದು ತೋರಿಸಿತು. ಎರಡು ಅಕ್ಕಿ ರೊಟ್ಟಿ, ಕಾಯಿಚಟ್ನಿ: ಒಂದೂಕಾಲು ಗಂಟೆಗೆ 228. ಅದೇ ಎರಡು ರೊಟ್ಟಿಯನ್ನು, ಮೊದಲು ಒಂದು ಬಟ್ಟಲು ಹೆಸರುಕಾಳಿನ ಪಲ್ಯ ತಿಂದು ಆಮೇಲೆ ತಿಂದರೆ 180 ದಾಟಲಿಲ್ಲ. ನಾಲ್ಕು ಸಲ ಹಾಗೇ ಮಾಡಿ ನೋಡಿದೆ, ಹೆಚ್ಚು ಕಡಿಮೆ ಅದೇ ಬಂತು. ಕಡುಬು ಏರಿಸುವುದು ನಿಧಾನ, ಇಳಿಯುವುದು ಇನ್ನೂ ನಿಧಾನ. ತೆಳ್ಳಗಿನ ಗಂಜಿ ಹಗುರ ಎಂದು ಜ್ವರ ಬಂದಾಗಲೆಲ್ಲ ಕುಡಿಯುತ್ತಿದ್ದೆ, ಅದರಷ್ಟು ಬೇಗ ಏರಿಸಿದ್ದು ಬೇರೆ ಯಾವುದೂ ಇಲ್ಲ. ಹಲಸಿನ ಹಣ್ಣು ನಾಲ್ಕು ತೊಳೆಯವರೆಗೆ ತಡೆಯುತ್ತದೆ, ಎಂಟಕ್ಕೆ ತಡೆಯುವುದಿಲ್ಲ. ಇವೆಲ್ಲ ನನ್ನ ದೇಹದ ಲೆಕ್ಕ, ನಿಮ್ಮದು ಬೇರೆಯೇ ಇರಬಹುದು. ಆದರೆ ಊಟವಾದ ಮೇಲೆ ಹದಿನೈದು ನಿಮಿಷ ಅಡಿಕೆ ಅಂಗಳ ಸುತ್ತಿದರೆ ಗೆರೆ ಬಾಗುವುದನ್ನು ಕಣ್ಣಾರೆ ಕಂಡಮೇಲೆ ನಾನು ಒಂದು ದಿನವೂ ತಪ್ಪಿಸಿಲ್ಲ.

ನೋಡಬೇಕಾದದ್ದು ದಿನದ ಎಷ್ಟು ಹೊತ್ತು 70ರಿಂದ 180ರೊಳಗೆ ಇದ್ದೇವೆ ಎಂಬುದನ್ನು. ಹೆಚ್ಚಿನವರಿಗೆ ನೂರಕ್ಕೆ 70ಕ್ಕಿಂತ ಜಾಸ್ತಿ, ಅಂದರೆ ಸುಮಾರು 17 ಗಂಟೆ ಇರಬೇಕು, 70ರ ಕೆಳಗೆ ನೂರಕ್ಕೆ 4ಕ್ಕಿಂತ ಕಡಿಮೆ ಇರಬೇಕು ಎಂದು 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಗುರಿ ಇಟ್ಟರು. ವಯಸ್ಸಾದವರಿಗೆ ಮೊದಲನೆಯದು ಸಡಿಲ, ನೂರಕ್ಕೆ 50ಕ್ಕಿಂತ ಜಾಸ್ತಿ ಇದ್ದರೆ ಸಾಕು; 70ರ ಕೆಳಗಿನದು ಮಾತ್ರ ಇನ್ನೂ ಬಿಗಿ, ನೂರಕ್ಕೆ 1ಕ್ಕಿಂತ ಕಡಿಮೆ ಇರಬೇಕು. ನಾನು ಶುರು ಮಾಡಿದಾಗ 70ರಿಂದ 180ರೊಳಗಿನ ಹೊತ್ತು ನೂರಕ್ಕೆ 48 ಇತ್ತು, ಈಗ 71. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ 9.1ರಿಂದ 7.3ಕ್ಕೆ ಬಂದಿದೆ.

ತೊಂದರೆಗಳನ್ನೂ ಹೇಳಬೇಕು. ನಮ್ಮ ಮಳೆಗಾಲಕ್ಕೆ ಈ ಅಂಟು ಸಾಲದು. ಜುಲೈಯಲ್ಲಿ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಬಿಲ್ಲೆಯ ಅಂಚು ಐದನೇ ದಿನಕ್ಕೇ ಏಳುತ್ತದೆ. ಮೇಲೆ ಕಂಬಳಿ ಕೊಪ್ಪೆ ಉಜ್ಜುತ್ತದೆ. ಮೆಡಿಕಲ್ ಟೇಪನ್ನು ಸುತ್ತಲೂ ಅಂಟಿಸಿ, ನಡುವಿನ ಸಣ್ಣ ತೂತು ಮುಚ್ಚದ ಹಾಗೆ ಬಿಟ್ಟರೆ ನಿಲ್ಲುತ್ತದೆ. ಹಾಕುವ ದಿನ ಮೈಗೆ ಎಣ್ಣೆ ಮುಟ್ಟಿಸಬಾರದು. ಎರಡನೇ ವರ್ಷ ದೀಪಾವಳಿಗೆ ನಾಲ್ಕೇ ದಿನ ಮೊದಲು ಹೊಸದು ಹಾಕಿಕೊಂಡಿದ್ದೆ. ಎಣ್ಣೆ ಹಚ್ಚಿಕೊಂಡು, ಹಂಡೆಯ ಬಿಸಿನೀರು ಹೊಯ್ದುಕೊಳ್ಳುವಾಗ ಬಚ್ಚಲಿನ ಕಲ್ಲಿನ ಮೇಲೆ ಬಿಲ್ಲೆ ಟಣ್ಣೆಂದು ಬಿತ್ತು. ಹಬ್ಬದ ದಿನ ಅಳಬಾರದೆಂದು ತಡೆದುಕೊಂಡೆ.

34ರಲ್ಲಿ ಮೂರು ತಾವಾಗಿ ಕೆಟ್ಟವು. ಎರಡಕ್ಕೆ ಕಂಪನಿಯವರು ಬದಲಿ ಕಳಿಸಿದರು. ಮೂರನೆಯದಕ್ಕೆ, ಡಬ್ಬಿಯ ಮೇಲಿನ ಸೀರಿಯಲ್ ನಂಬರ್ ಇಲ್ಲ ಎಂದು ಕೊಡಲಿಲ್ಲ. ಬಿಲ್ಲೆ ಕೈಯಲ್ಲಿ ಇರುವಷ್ಟು ದಿನ ಡಬ್ಬಿ ಎಸೆಯಬೇಡಿ. ಸಹಾಯವಾಣಿಯಲ್ಲಿ ಕನ್ನಡ ಬರುವವರು ಸಿಗಲು ನನಗೆ ಮೂರು ಕರೆ ಬೇಕಾಯಿತು. ಇನ್ಸುಲಿನ್ ತೆಗೆದುಕೊಳ್ಳುವ ಹಳ್ಳಿಯ ಹೆಂಗಸು ಯಾವ ಭಾಷೆಯಲ್ಲಿ ಕಷ್ಟ ಹೇಳಿಕೊಳ್ಳುತ್ತಾಳೆಂದು ಅವರು ಯೋಚಿಸಬೇಕು.

ಫೋನ್ ಸುಮಾರು ಆರು ಮೀಟರಿನೊಳಗೆ ಇದ್ದರೆ ಮಾತ್ರ ಅಲಾರಂ ಬರುತ್ತದೆ. ಫೋನ್ ಜಗಲಿಯಲ್ಲಿ, ನಾನು ಕೊಟ್ಟಿಗೆಯಲ್ಲಿ ಇದ್ದರೆ ಪ್ರಯೋಜನವಿಲ್ಲ. ಬಿಲ್ಲೆಯಲ್ಲಿ ಎಂಟು ಗಂಟೆಯ ಲೆಕ್ಕ ಉಳಿದಿರುತ್ತದೆ, ಆಮೇಲೆ ನೋಡಬಹುದು. ಇಂಟರ್ನೆಟ್ ಇಲ್ಲದಿದ್ದರೂ ಅಂಕಿ ನನಗೆ ಕಾಣುತ್ತದೆ. ಬೆಂಗಳೂರಿನಲ್ಲಿರುವ ಮಗನಿಗೆ ಕಾಣಲು ಮಾತ್ರ ನೆಟ್‌ವರ್ಕ್ ಬೇಕು, ಕರೆಂಟ್ ಹೋದ ದಿನ ಅದೂ ಇಲ್ಲ. ಪಾಪ, ಅವನು ಗಾಬರಿಯಾಗಿ ಪಕ್ಕದ ಮನೆಗೆ ಫೋನ್ ಮಾಡುತ್ತಾನೆ.

ವರ್ಷಪೂರ್ತಿ ಹಾಕುವ ಶಕ್ತಿ ನಮಗಿಲ್ಲ. ಡಾಕ್ಟರ ಒಪ್ಪಿಗೆಯಿಂದ ಈಗ ಮೂರು ಸಂದರ್ಭದಲ್ಲಿ ಮಾತ್ರ ಹಾಕುತ್ತೇನೆ: ಔಷಧಿ ಪ್ರಮಾಣ ಬದಲಾದಾಗ, ಮಳೆ ಹಿಡಿದು ಓಡಾಟ ನಿಂತಾಗ, ಅಡಿಕೆ ಕೊಯ್ಲಿನಲ್ಲಿ. ಇನ್ಸುಲಿನ್ ಇಲ್ಲದೆ ಮಾತ್ರೆಯಲ್ಲೇ ಇರುವವರಿಗೆ ವರ್ಷಕ್ಕೆ ಒಂದೆರಡು ಸಾಕು ಎಂಬುದು ನನ್ನ ಅಭಿಪ್ರಾಯ. ರಾತ್ರಿ ಲೋ ಆಗುವವರು, ಆದರೂ ಗೊತ್ತೇ ಆಗದವರು, ಒಂಟಿಯಾಗಿ ಮಲಗುವವರು ಸಾಲ ಮಾಡಿಯಾದರೂ ಒಮ್ಮೆ ಹಾಕಿ ನೋಡಿ.

35ನೆಯದು ಕಪಾಟಿನಲ್ಲಿದೆ. ಈ ಸಲ ದೀಪಾವಳಿ ಎಣ್ಣೆಸ್ನಾನ ಮುಗಿದ ಮಾರನೇ ದಿನವೇ ಹಾಕುತ್ತೇನೆ. ಅಷ್ಟರಲ್ಲಿ ಕೊಯ್ಲೂ ಶುರುವಾಗಿರುತ್ತದೆ, ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಫೋನ್ ಪಕ್ಕದಲ್ಲೇ ಇರುತ್ತದೆ.