ಖಾನಾವಳಿ ರೊಟ್ಟಿ ಮತ್ತು ನನ್ನ ಶುಗರ್

ಕಲಬುರಗಿ ಬಸ್ ಸ್ಟ್ಯಾಂಡ್ ಕಡೆಯ ಒಂದು ಸಣ್ಣ ಖಾನಾವಳಿಯಲ್ಲಿ ಎರಡು ತಿಂಗಳಿಂದ ರಾತ್ರಿ ಊಟ ಮಾಡುತ್ತಿದ್ದೇನೆ. ಹೆಸರು ಬರೆಯಲ್ಲ, ಅಲ್ಲಿ ಊಟ ಬಡಿಸುವ ಅಕ್ಕ ಇದನ್ನು ಓದಿದರೆ ನಾಳೆ ನನಗೆ ತಣ್ಣನೆ ರೊಟ್ಟಿನೇ ಗತಿ.

ಹೋಗಲು ಶುರು ಮಾಡಿದ್ದು ರುಚಿಗಲ್ಲ. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ, 6.1 ಬಂತು. 5.7ರಿಂದ 6.4 ಅಂದರೆ ಶುಗರ್ ಹೊಸ್ತಿಲಲ್ಲಿ ನಿಂತಿದೆ, 6.5 ಆದರೆ ಮನೆಯೊಳಗೇ ಬಂದಂಗೆ. ಡಾಕ್ಟರ್ ಅನ್ನ ಕಡಿಮೆ ಮಾಡ್ರಿ, ನಡೀರಿ ಅಂದರು.

ರೊಟ್ಟಿಗೆ ಪೂರ್ತಿ ಅಂಕ. ತಟ್ಟುವ ಸಪ್ಪಳ ಕೇಳುತ್ತಾ ಕೂತಿರುತ್ತೇವೆ, ಹಂಚಿನಿಂದ ಉಬ್ಬಿಕೊಂಡೇ ತಾಟಿಗೆ ಬೀಳುತ್ತದೆ, ಮುರಿದರೆ ಹಬೆ ಬೆರಳು ಸುಡುತ್ತದೆ. ಪುಂಡಿ ಪಲ್ಯದ ಹುಳಿ ಹದವಾಗಿದೆ. ಬ್ಯಾಳಿ ಮಾತ್ರ ನೀರು ನೀರು. 2019ರಲ್ಲಿ ಜಿಐ ಟ್ಯಾಗ್, ಅಂದರೆ ಇಲ್ಲಿಯದೇ ಅನ್ನುವ ಅಧಿಕೃತ ಗುರುತು, ಪಡೆದ ತೊಗರಿ ಬೇಳೆಯ ಊರಲ್ಲಿ ಬೇಳೆ ಹುಡುಕಿ ತಿನ್ನಬೇಕಾ?

ದೊಡ್ಡ ದೂರು ಎಣ್ಣೆಗಾಯಿ ಮೇಲೆ. ಬದನೆಕಾಯಿ ಎತ್ತಿದರೆ ಕೆಳಗೆ ಕೆಂಪು ಎಣ್ಣೆ ನಿಂತಿರುತ್ತದೆ, ನಾನೋ ಕೊನೇ ತುತ್ತಿನಲ್ಲಿ ಅದನ್ನೂ ಒರೆಸಿ ತಿನ್ನುವವನು. ಜೊತೆಗೆ ಹಪ್ಪಳ, ಉಪ್ಪಿನಕಾಯಿ, ಶೇಂಗಾ ಹಿಂಡಿ. ದಿನಕ್ಕೆ ಉಪ್ಪು 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚದಷ್ಟೂ ಇಲ್ಲ. ಇಲ್ಲಿ ಒಂದೇ ಊಟಕ್ಕೆ ಅದು ಮುಗಿಯುತ್ತೇನೋ ಅಂತ ನನ್ನ ಅನುಮಾನ.

ಇನ್ನೊಂದು ಅಪಾಯ ಅಕ್ಕನ ಪ್ರೀತಿ. "ಇನ್ನೊಂದ್ ಹಾಕ್ಲೇನ್ರಿ ಅಣ್ಣಾ? ಜ್ವಾಳದ ರೊಟ್ಟಿ ಶುಗರ್‌ಗೆ ಏನೂ ಮಾಡಂಗಿಲ್ರಿ." ಮಾಡುತ್ತದೆ! 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ಅದು ನಿಜ. ಆದರೆ ನಾಲ್ಕು ರೊಟ್ಟಿ ಬಾರಿಸಿದರೆ ಅದೂ ಹಿಟ್ಟೇ ಅಲ್ವಾ? ಈಗ ಎರಡಕ್ಕೆ ಕೈ ತೊಳೆಯುತ್ತೇನೆ.

ಊಟ ಮುಗಿಸಿ ಆಟೋ ಹತ್ತಲ್ಲ. ಮನೆಗೆ 25 ನಿಮಿಷ, ವಾರಕ್ಕೆ ಆರು ದಿನ, ಸುಮ್ನೆ ಲೆಕ್ಕ ಹಾಕಿದರೆ ಡಾಕ್ಟರ್ ಹೇಳಿದ 150 ನಿಮಿಷ ಅಲ್ಲಿಗೇ ಆಯಿತು. ನಮ್ಮೂರ ಬಿಸಿಲಲ್ಲಿ ಹಗಲು ನಡೆಯುವ ಮಾತೇ ಇಲ್ಲ.

ಹೋದ ವಾರ ಧೈರ್ಯ ಮಾಡಿ ಎಣ್ಣೆಗಾಯಿ ಬೇಡ ಅಂದೆ. ಅಕ್ಕ ಒಮ್ಮೆ ನೋಡಿ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ ರಾಶಿ ಹಾಕಿದರು. ಕೇಳಿದರೆ ಕೊಡುತ್ತಾರೆ, ಜಾಸ್ತಿ ದುಡ್ಡಿಲ್ಲ. ಊಟಕ್ಕೆ 90 ರೂಪಾಯಿ, ಭಾನುವಾರ ರಜೆ, ಎಂಟೂವರೆ ಮೇಲೆ ಹೋದರೆ ಪುಂಡಿ ಪಲ್ಯ ಖಾಲಿ.