ಮಲೆನಾಡಿನ ಮಳೆಯಲ್ಲಿ ಹಳೆಯ ಜರ್ಮನ್ ಕಾರು: ಹಲವು ಮಳೆಗಾಲ ಓಡಿಸಿದ ಮೇಲಿನ ಅಭಿಪ್ರಾಯ

ಹಳೆಯ ಲಕ್ಷುರಿ ಕಾರು ಕೊಳ್ಳಬೇಕೆಂದಿರುವವರು ಮೊದಲು ಕೇಳುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಇನ್ನೆಷ್ಟು ವರ್ಷ ಬಾಳುತ್ತವೆ ಎಂದು. ಮೂಡಿಗೆರೆ ತಾಲ್ಲೂಕಿನ ಬಣಕಲ್ ಸುತ್ತಮುತ್ತ ಅಂಥ ಕಾರೊಂದನ್ನು ಹಲವು ಮಳೆಗಾಲಗಳಲ್ಲಿ ಓಡಿಸಿರುವ ನನ್ನ ಅನುಭವದಲ್ಲಿ ಇವೆರಡೂ ಒಮ್ಮೆಯೂ ದಾರಿಯಲ್ಲಿ ಕೈಕೊಟ್ಟಿಲ್ಲ. ಕಾಡಿದ್ದೆಲ್ಲ ನೀರು. ಸನ್‌ರೂಫ್‌ನ (ಛಾವಣಿಯಲ್ಲಿ ತೆರೆಯುವ ಗಾಜಿನ ಕಿಂಡಿಯ) ಮೂಲೆಯಲ್ಲಿ ನಿಂತು, ಹೊರಗೆ ಹರಿದುಹೋಗಲು ದಾರಿ ಸಿಗದೆ, ಕಾರ್ಪೆಟ್ಟಿನ ಅಡಿಗೆ ಇಳಿದು ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ತಲುಪಿದ ಮಳೆನೀರು. ಆದ್ದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ. ಎಷ್ಟು ಅಶ್ವಶಕ್ತಿ, ಎಷ್ಟು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ ಎಂಬ ವಿವರಗಳು ಎಲ್ಲ ಕಡೆ ಸಿಗುತ್ತವೆ.

ಕಾರು 2011ರ ಮಾದರಿಯದು; ಜರ್ಮನ್ ಕಂಪನಿಯೊಂದರ, ಭಾರತದಲ್ಲಿ ಜೋಡಿಸಿದ, ಆರು ಸಿಲಿಂಡರಿನ ಡೀಸೆಲ್ ಸೆಡಾನ್. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಆ ಕಾಲದ ಆ ವರ್ಗದ ಕಾರುಗಳಲ್ಲಿ ಸನ್‌ರೂಫ್, ವೈರಿಂಗ್, ರಬ್ಬರ್ ಬುಷ್‌ಗಳ (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡುಗಳ) ಕಥೆ ಬಹುಮಟ್ಟಿಗೆ ಒಂದೇ. ಬೆಂಗಳೂರಿನಲ್ಲಿ ನೋಂದಣಿಯಾಗಿ ಒಂದೇ ಕುಟುಂಬದ ಕೈಯಲ್ಲಿದ್ದ ಈ ಕಾರಿಗೆ ನಾನು ಕೊಟ್ಟ ಹಣ ಅಂದಿನ ಹೊಸ ಹ್ಯಾಚ್‌ಬ್ಯಾಕ್ ಒಂದರ ಬೆಲೆಗಿಂತ ಕಡಿಮೆ. ದೆಹಲಿಯ ಕಾರುಗಳು ಇನ್ನೂ ಅಗ್ಗವಾಗಿದ್ದವು. 10 ವರ್ಷ ಮೀರಿದ ಡೀಸೆಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆಮೇಲೆ ಅಲ್ಲಿನ ಮಾಲೀಕರು ಬಂದಷ್ಟಕ್ಕೆ ಕೊಟ್ಟುಬಿಡುತ್ತಿದ್ದರು. ಆದರೆ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತರಿಸಿ, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ, ಚಿಕ್ಕಮಗಳೂರಿನ ಕೆಎ 18 ಸಂಖ್ಯೆ ಪಡೆಯುವ ಹೊತ್ತಿಗೆ ಉಳಿತಾಯದ ದೊಡ್ಡ ಪಾಲು ಕರಗಿರುತ್ತದೆ. ರಾಜ್ಯದೊಳಗಿನ ಕಾರನ್ನೇ ಹುಡುಕಿಕೊಳ್ಳುವುದು ಮೇಲು.

ಮೊದಲ ವರ್ಷದ ಆಷಾಢದಲ್ಲಿ ಲಕ್ಷಣಗಳು ಕಾಣಿಸಿಕೊಂಡವು. ಲಾಕ್ ಮಾಡಿ ಬಂದ ಕಾರಿನ ಹಿಂದಿನ ಗಾಜು ತಾನಾಗಿ ಅರ್ಧ ಇಳಿದಿರುತ್ತಿತ್ತು. ಏರ್‌ಬ್ಯಾಗ್ ದೀಪ ಹತ್ತಿಕೊಂಡು, ಬಿಸಿಲು ಬಂದ ದಿನ ತಾನೇ ಆರುತ್ತಿತ್ತು. ರಾತ್ರಿ ಚೆನ್ನಾಗಿದ್ದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಇಳಿದುಹೋಗಿರುತ್ತಿತ್ತು. ಫ್ಲ್ಯಾಟ್‌ಬೆಡ್ ಲಾರಿಯ ಮೇಲೆ ಬೆಂಗಳೂರಿನ ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಕಳಿಸಿದೆ. ಅವರು ಕಾರಿನ ದೋಷ ಓದುವ ಸ್ಕ್ಯಾನರ್ ಜೋಡಿಸಿ, ಉದ್ದನೆಯ ದೋಷಪಟ್ಟಿ ತೆಗೆದು, ಎರಡು ಕಂಟ್ರೋಲ್ ಮಾಡ್ಯೂಲ್‌ಗಳನ್ನು (ಕಾರಿನ ಭಾಗಗಳನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು) ಹೊಸದಾಗಿ ಹಾಕಬೇಕೆಂದು ಅಂದಾಜುಪಟ್ಟಿ ಕೊಟ್ಟರು. ಅದರ ಮೊತ್ತ ನಾನು ಕಾರಿಗೆ ಕೊಟ್ಟ ಹಣದ ಕಾಲುಭಾಗವನ್ನು ದಾಟಿತ್ತು. ಮಾಡ್ಯೂಲ್ ಏಕೆ ಕೆಟ್ಟಿತು ಎಂದು ಕೇಳಿದಾಗ, ಹಳೆಯ ಕಾರು ಎಂಬುದರ ಹೊರತು ಬೇರೆ ಉತ್ತರ ಬರಲಿಲ್ಲ. ಕಾರ್ಪೆಟ್ ಎತ್ತಿ ನೋಡುವ ಗೋಜಿಗೆ ಅಲ್ಲಿ ಯಾರೂ ಹೋಗಿರಲಿಲ್ಲ. ಈಗಲೂ ನನಗೆ ಬೇಸರವಿರುವುದು ಇದರ ಬಗ್ಗೆಯೇ: ಮೂಲ ಕಾರಣ ಹುಡುಕದೆ ಹೊಸ ಮಾಡ್ಯೂಲ್ ಹಾಕಿದ್ದರೆ ಮುಂದಿನ ಮಳೆಗೆ ಅದೂ ಹಾಳಾಗುತ್ತಿತ್ತು.

ಕಾರನ್ನು ಹಾಗೆಯೇ ವಾಪಸ್ ತರಿಸಿ ಚಿಕ್ಕಮಗಳೂರಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವರು ಸ್ಕ್ಯಾನರ್ ಮುಟ್ಟುವ ಮೊದಲು ಎಡಬದಿಯ ಮುಂದಿನ ಸೀಟಿನ ಎದುರು ಮಂಡಿಯೂರಿ ಕುಳಿತು, ಬಾಗಿಲಿನ ಹೊಸ್ತಿಲ ಪಟ್ಟಿ ಬಿಚ್ಚಿ, ಕಾರ್ಪೆಟ್ಟಿನ ಅಂಚು ಎಬ್ಬಿಸಿದರು. "ಮೇಲೆ ಮುಟ್ಟಿದ್ರೆ ಒಣಗಿದೆ ಸಾರ್, ಅಡಿಗೆ ಕೈ ಹಾಕಿ ನೋಡಿ" ಎಂದರು. ಕಾರ್ಪೆಟ್ಟಿನ ಅಡಿಯಲ್ಲಿ ಶಬ್ದ ತಡೆಯಲೆಂದು ಅಂಟಿಸಿರುವ ದಪ್ಪನೆಯ ಫೋಮ್ ಒತ್ತಿದರೆ ಬೆರಳ ಸಂದಿಯಿಂದ ನೀರು ಉಕ್ಕುತ್ತಿತ್ತು. ಅದರ ಮಗ್ಗುಲಲ್ಲೇ ಮಾಡ್ಯೂಲಿನ ಪೆಟ್ಟಿಗೆ. ಕನೆಕ್ಟರ್ ಎಳೆದು ತೆಗೆದಾಗ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕೂತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಹಲ್ಲುಜ್ಜುವ ಮೃದುವಾದ ಬ್ರಷ್ಷಿನಿಂದ ಒಂದೊಂದೇ ಪಿನ್ನನ್ನು ಉಜ್ಜಿ, ಎರಡು ತಂತಿಗಳ ತುದಿ ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿದರು. ಬಿಸಿಲಿಲ್ಲದ ಕಾಲವಾದ್ದರಿಂದ ಫೋಮನ್ನು ಮನೆಯ ಏಲಕ್ಕಿ ಒಣಗಿಸುವ ಕೋಣೆಯಲ್ಲಿ ಇಟ್ಟು ಒಣಗಿಸಬೇಕಾಯಿತು. ಆಮೇಲೆ ಬಹಳ ದಿನ ಕಾರಿನೊಳಗೆ ಏಲಕ್ಕಿಯ ಪರಿಮಳವಿತ್ತು. ಅದೇ ಹಳೆಯ ಮಾಡ್ಯೂಲ್ ಇಂದಿಗೂ ಕೆಲಸ ಮಾಡುತ್ತಿದೆ.

ನೀರು ಒಳಗೆ ಬಂದ ಬಗೆಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಸನ್‌ರೂಫ್‌ನ ಸುತ್ತಲಿನ ರಬ್ಬರ್ ನೀರನ್ನು ಪೂರ್ತಿ ತಡೆಯಲೆಂದು ಮಾಡಿದ್ದಲ್ಲ. ಸ್ವಲ್ಪ ನೀರು ಅದನ್ನು ದಾಟಿ ಬರುತ್ತದೆಂದು ಲೆಕ್ಕ ಹಾಕಿಯೇ ಕೆಳಗೆ ಒಂದು ತಟ್ಟೆ, ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಸಣ್ಣ ಕೊಳವೆಗಳನ್ನು ಇಟ್ಟಿರುತ್ತಾರೆ. ಮುಂದಿನ ಎರಡು ಕೊಳವೆಗಳು ಗಾಜಿನ ಪಕ್ಕದ ಪಿಲ್ಲರ್‌ಗಳೊಳಗಿಂದ ಇಳಿದು ಮುಂದಿನ ಚಕ್ರದ ಹಿಂಭಾಗದಲ್ಲಿ ತೆರೆದುಕೊಳ್ಳುತ್ತವೆ, ಹಿಂದಿನವು ಡಿಕ್ಕಿಯ ಮಗ್ಗುಲಿನಿಂದ ಹೊರಗೆ ಹೋಗುತ್ತವೆ. ತೋಟದಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರಗಳ ಎಲೆ ಸಣ್ಣ ಸಣ್ಣ ಸೀಳುಗಳಾಗಿ ಒಡೆಯುತ್ತದೆ. ಅದು ತಟ್ಟೆಯ ಮೂಲೆಗೆ ಜಾರಿ, ಧೂಳಿನೊಂದಿಗೆ ಕೊಳೆತು, ಕೊಳವೆಯ ಬಾಯಿಗೆ ಬೆಣೆಯಾಗಿ ನಿಲ್ಲುತ್ತದೆ. ಬೆಂಗಳೂರಿನ ಮಳೆ ಗಂಟೆ ಎರಡು ಗಂಟೆಯಲ್ಲಿ ನಿಂತು ಕಾರು ಒಣಗುತ್ತದೆ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದದ್ದು ಆಗಸ್ಟ್‌ವರೆಗೂ ಬಿಡುವು ಕೊಡದಿರುವುದರಿಂದ ತಟ್ಟೆ ತುಂಬಿ, ಮೇಲ್ಛಾವಣಿಯ ಬಟ್ಟೆಯ ಹಿಂದಿನಿಂದ ನೀರು ಇಳಿಯತೊಡಗುತ್ತದೆ. ಬಟ್ಟೆಯ ಮೇಲೆ ಕಲೆ ಬೀಳದಿರಬಹುದು, ಸೀಟು ಒದ್ದೆಯಾಗದಿರಬಹುದು. ಕಾರ್ಪೆಟ್ಟಿನ ಅಡಿ ಮಾತ್ರ ತುಂಬುತ್ತಿರುತ್ತದೆ. ವೈಪರ್‌ಗಳ ಕೆಳಗಿನ ಕಾಲುವೆಗೂ ಇಂಥದೇ ರಂಧ್ರಗಳಿವೆ, ಅವೂ ಕಟ್ಟುತ್ತವೆ.

ಒಂದು ಮಾಡ್ಯೂಲಿಗೆ ತೇವ ತಗುಲಿದರೆ ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಕಾರು ನಿಲ್ಲಿಸಿ ಲಾಕ್ ಮಾಡಿದ ಮೇಲೆ ಮಾಡ್ಯೂಲ್‌ಗಳೆಲ್ಲ ಒಂದೊಂದಾಗಿ ನಿದ್ದೆಗೆ ಹೋಗಬೇಕು. ಒದ್ದೆಯಾದದ್ದು ತಾನೂ ಮಲಗದೆ ಉಳಿದವನ್ನೂ ಎಬ್ಬಿಸುತ್ತಿರುತ್ತದೆ, ರಾತ್ರಿಯಿಡೀ ಬ್ಯಾಟರಿ ಸುರಿದುಹೋಗುತ್ತದೆ. ವೋಲ್ಟೇಜ್ ಇಳಿದ ಕಾರಿಗೆ ಸ್ಕ್ಯಾನರ್ ಹಾಕಿದರೆ ಸರಿಯಾಗಿರುವ ಭಾಗಗಳ ಹೆಸರಿನಲ್ಲೂ ದೋಷ ಬರುತ್ತದೆ. ಸುಸ್ಥಿತಿಯಲ್ಲಿರುವ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಅದನ್ನು ಅಳೆಯದೆ ಕೊಡುವ ಯಾವ ದೋಷಪಟ್ಟಿಯನ್ನೂ ನಾನೀಗ ನಂಬುವುದಿಲ್ಲ.

ಹೀಗಾಗಿ ಭಾನುವಾರದ ಬೆಳಿಗ್ಗೆ, ಕಾಫಿ ಕುಡಿದ ಮೇಲೆ, ಒಂದು ಕೆಲಸ ಖಾಯಂ ಆಗಿದೆ. ಸನ್‌ರೂಫ್ ಪೂರ್ತಿ ತೆರೆದು, ಮೂಲೆಗಳನ್ನು ಬೆರಳಿಗೆ ಸುತ್ತಿದ ಬಟ್ಟೆಯಿಂದ ಒರೆಸುತ್ತೇನೆ. ಆಮೇಲೆ ಸಣ್ಣ ಬಾಟಲಿಯಿಂದ ಒಂದೊಂದು ಮೂಲೆಗೂ ನಿಧಾನವಾಗಿ ನೀರು ಹನಿಸಿ, ಕೆಳಗೆ ಬಗ್ಗಿ, ಚಕ್ರದ ಹಿಂದೆ ಅದು ತೊಟ್ಟಿಕ್ಕುವವರೆಗೆ ಕಾಯುತ್ತೇನೆ. ಎರಡೂ ಕಡೆ ಒಂದೇ ವೇಗದಲ್ಲಿ ಇಳಿದರೆ ಸರಿ. ಒಂದು ಕಡೆ ತಡವಾದರೆ, ತೋಟದಲ್ಲಿ ಹುಲ್ಲು ಹೊಡೆಯುವ ಮೆಷಿನ್ನಿನ ನೈಲಾನ್ ದಾರವನ್ನು ತುದಿ ಉರುಟಾಗುವಂತೆ ಬೆಂಕಿಗೆ ಹಿಡಿದು ಮೆಲ್ಲಗೆ ಕೊಳವೆಯೊಳಗೆ ತೂರಿಸುತ್ತೇನೆ. ಕಂಪ್ರೆಸರ್ ಗಾಳಿ ಊದಿಸಬಾರದು. ಒತ್ತಡಕ್ಕೆ ಹಳೆಯ ಕೊಳವೆ ಜೋಡಣೆಯಿಂದ ಕಳಚಿಕೊಂಡರೆ ನೀರು ನೇರವಾಗಿ ಒಳಗೇ ಬೀಳುತ್ತದೆ, ಅದನ್ನು ಮತ್ತೆ ಜೋಡಿಸಲು ಛಾವಣಿಯ ಬಟ್ಟೆಯನ್ನೇ ಇಳಿಸಬೇಕು. ಮರಗಸಿ (ನೆರಳುಮರಗಳ ಕೊಂಬೆ ಕಡಿಯುವ ಕೆಲಸ) ನಡೆಯುವ ದಿನಗಳಲ್ಲಿ ಕಾರು ಮರದ ಕೆಳಗೆ ನಿಲ್ಲುವುದಿಲ್ಲ. ರಾತ್ರಿ ಶೆಡ್ಡಿನಲ್ಲಿ ಬಾನೆಟ್ ಎತ್ತಿಟ್ಟು ಒಂದು ದೀಪ ಹಾಕಿರುತ್ತೇವೆ, ಇಲಿಗಳು ಬೆಚ್ಚಗಿನ ಎಂಜಿನ್ ಬಳಿ ಗೂಡು ಮಾಡಿ ವೈರು ಕಡಿಯಬಾರದೆಂದು. ಚರ್ಮದ ಸೀಟಿಗೆ ಬೂಷ್ಟು ಹಿಡಿಯದಂತೆ ಎರಡು ದಿನಕ್ಕೊಮ್ಮೆಯಾದರೂ ಎಸಿ ಓಡಿಸಿ ಒಳಗಿನ ತೇವ ತೆಗೆಯಬೇಕು. ಇಷ್ಟೆಲ್ಲ ಮಾಡಲು ಮನಸ್ಸಿಲ್ಲದವರು ಸನ್‌ರೂಫ್ ಇಲ್ಲದ ಕಾರನ್ನೇ ಹುಡುಕಲಿ.

ಇಷ್ಟು ದೂರಿದ ಮೇಲೂ ಈ ಕಾರನ್ನು ಮಾರುವ ಯೋಚನೆ ನನಗಿಲ್ಲ, ಅದಕ್ಕೆ ಮುಖ್ಯ ಕಾರಣ ನನ್ನ ಅಮ್ಮ. ಚಾರ್ಮಾಡಿ ಘಾಟಿ ಇಳಿಯುವುದೆಂದರೆ ಅವರಿಗೆ ಮೊದಲಿನಿಂದಲೂ ಹೆದರಿಕೆ. ಕೊಟ್ಟಿಗೆಹಾರ ದಾಟಿದ ಕೂಡಲೇ ನಿಂಬೆಹಣ್ಣನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಕುಳಿತು, ಉಜಿರೆ ಮುಟ್ಟುವಷ್ಟರಲ್ಲಿ ಸುಸ್ತಾಗಿರುತ್ತಿದ್ದರು. ಧರ್ಮಸ್ಥಳಕ್ಕೆ ಹೋಗುವ ಆಸೆಯಿದ್ದರೂ ದಾರಿಯನ್ನು ನೆನೆದು ಬೇಡವೆನ್ನುತ್ತಿದ್ದರು. ಈ ಕಾರಿನ ಹಿಂದಿನ ಸೀಟಿನಲ್ಲಿ ಅವರು ಮೊದಲ ತಿರುವುಗಳಲ್ಲೇ ನಿದ್ದೆ ಹೋಗುತ್ತಾರೆ. ಕಾರಿನ ಮೈ ಓಲಾಡುವುದಿಲ್ಲ, ಬ್ರೇಕ್ ಹಿಡಿದಾಗ ಮೂತಿ ಮುಳುಗುವುದಿಲ್ಲ, ಗೇರು ಬದಲಾದದ್ದು ಗೊತ್ತಾಗುವುದಿಲ್ಲ. ಇದು ಯಾವ ಜಾಹೀರಾತಿನಲ್ಲೂ ಓದಿದ್ದಲ್ಲ, ಕೊಳ್ಳುವಾಗ ನಾನು ನಿರೀಕ್ಷಿಸಿದ್ದೂ ಅಲ್ಲ. ಹಾಸನದಿಂದ ಚನ್ನರಾಯಪಟ್ಟಣದ ಮೇಲೆ ನೆಲಮಂಗಲದವರೆಗಿನ ಹೆದ್ದಾರಿಯಲ್ಲೂ ಅಷ್ಟೇ: ಬೆಂಗಳೂರಿನಲ್ಲಿ ಇಳಿದಾಗ ಬೆನ್ನು ನೋಯುವುದಿಲ್ಲ.

ಯಂತ್ರಭಾಗದ ಬಗ್ಗೆ ಹೇಳಲು ಹೆಚ್ಚಿಲ್ಲ. ಡೀಸೆಲ್ ಆರಿಸಿಕೊಂಡದ್ದು ಒಳ್ಳೆಯದಾಯಿತು. ಈ ಕಾರು ಹೊಸದಾಗಿದ್ದಾಗ ಬೆಂಗಳೂರಿನಂಥ ಕೆಲವು ನಗರಗಳಲ್ಲಷ್ಟೇ ಬಿಎಸ್ 4 (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ನಾಲ್ಕನೇ ಹಂತದ) ಡೀಸೆಲ್ ಸಿಗುತ್ತಿತ್ತು. 2020ರ ಏಪ್ರಿಲ್‌ನಿಂದ ಮೂಡಿಗೆರೆಯ ಬಂಕಿನಲ್ಲೂ ಗಂಧಕ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಪಾಲು) ಮೀರದ ಬಿಎಸ್ 6 ಇಂಧನವೇ ಸಿಗುತ್ತದೆ. ಅದೇ ವಯಸ್ಸಿನ ಪೆಟ್ರೋಲ್ ಕಾರುಗಳು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆಂದು ರೂಪಿಸಿದವಲ್ಲ. ಗೇರ್‌ಬಾಕ್ಸ್ ಎಣ್ಣೆ ಕಾರಿನ ಆಯುಷ್ಯಪೂರ್ತಿ ಸಾಕು ಎಂದು ಮಾರಾಟಗಾರರು ಹೇಳುವುದುಂಟು. ಆದರೆ ಇಂಥ ಅನೇಕ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಅಥವಾ 8 ವರ್ಷಕ್ಕೊಮ್ಮೆ ಬದಲಾಯಿಸಲು ಸೂಚಿಸುತ್ತದೆ. ನಾನು ಬದಲಾಯಿಸಿಕೊಂಡೆ, ಪ್ಲಾಸ್ಟಿಕ್ಕಿನ ಸಂಪ್ (ಎಣ್ಣೆ ನಿಲ್ಲುವ ತಟ್ಟೆ) ಸಮೇತ. ಬ್ರೇಕ್ ಎಣ್ಣೆಯ ವಿಷಯದಲ್ಲಿ ಮಾತ್ರ ಜಿಪುಣತನ ಕೂಡದು. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ನೀರು ಹೀರಿದ ಮೇಲಿನ ಮಿತಿ 155 ಡಿಗ್ರಿ. ಭಾರದ ಕಾರನ್ನು ಘಾಟಿಯಲ್ಲಿ ಇಳಿಸುವವರಿಗೆ ಈ ಅಂತರ ದೊಡ್ಡದು, ಹಾಗಾಗಿ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾವಣೆ.

ಖರ್ಚಿನ ಲೆಕ್ಕ ಹೀಗಿದೆ. ವರ್ಷಗಳು ಕಳೆದಂತೆ ಕಾರಿನ ಬೆಲೆ ಇಳಿದಿದೆ, ಬಿಡಿಭಾಗಗಳ ಬೆಲೆ ಇಳಿದಿಲ್ಲ. ಮುಂಭಾಗದ ಕಂಟ್ರೋಲ್ ಆರ್ಮ್‌ಗಳು, ಎಂಜಿನ್ ಮೌಂಟ್‌ಗಳು, ಕೂಲೆಂಟಿನ ಪ್ಲಾಸ್ಟಿಕ್ ಪೈಪುಗಳು ಇಷ್ಟರಲ್ಲಿ ಬದಲಾಗಿವೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮೂಲ ಕಂಪನಿಗೆ ಭಾಗ ಪೂರೈಸುವವರದೇ ಮಾಲು ತರಿಸಿಕೊಂಡರೆ ಹಣ ಗಣನೀಯವಾಗಿ ಉಳಿಯುತ್ತದೆ. ಸಂಜೆ ಬಸ್ಸಿಗೆ ಹಾಕಿದ ಪಾರ್ಸಲ್ ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿರುತ್ತದೆ. ವಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಅಪಘಾತದ ಕ್ಲೇಮಿಗೂ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಮತ್ತು ಬ್ಯಾಟರಿಗೆ ಶೇ 50 ಸವಕಳಿ ಕಳೆಯುತ್ತಾರೆ. ಸವೆತದಿಂದ ಬಂದ ದೋಷ ಅದರ ವ್ಯಾಪ್ತಿಗೇ ಬರುವುದಿಲ್ಲ. ಹೊಸ ಕಾರು ಕೊಂಡಿದ್ದರೆ ತಿಂಗಳ ಕಂತಿಗೆ ಹೋಗುತ್ತಿದ್ದ ಹಣದ ಅರ್ಧವನ್ನು ನಾನು ಬೇರೆ ಖಾತೆಯಲ್ಲಿ ಇಡುತ್ತಾ ಬಂದಿದ್ದೇನೆ, ಅದು ಸಾಲುತ್ತಿದೆ. ಮನೆಯಲ್ಲಿ ಇನ್ನೊಂದು ಸಾದಾ ವಾಹನ ಇರಲೇಬೇಕು. ನಮ್ಮ ತೋಟದ ಜೀಪ್ ಇಲ್ಲದಿದ್ದರೆ, ಭಾಗ ಬರುವವರೆಗೆ ಈ ಕಾರು ನಿಂತಿದ್ದ ದಿನಗಳಲ್ಲಿ ಆಸ್ಪತ್ರೆ, ಸಂತೆ, ಬ್ಯಾಂಕು ಎಲ್ಲಕ್ಕೂ ಪರದಾಡಬೇಕಾಗುತ್ತಿತ್ತು.

ಕಾರಿಗೆ 15 ವರ್ಷ ತುಂಬುತ್ತಿರುವುದರಿಂದ ಈಗ ನೋಂದಣಿ ನವೀಕರಣದ ಸಿದ್ಧತೆ ನಡೆದಿದೆ. 2022ರ ಏಪ್ರಿಲ್ 1ರಿಂದ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ, ಆಮದಾದ ಕಾರುಗಳಿಗೆ 40,000. ಇದರ ಮೇಲೆ ಹಸಿರು ತೆರಿಗೆ ಬೇರೆ. ನವೀಕರಣವಾದರೆ ಐದು ವರ್ಷ ಚಿಂತೆಯಿಲ್ಲ. ಆರ್‌ಟಿಒ ಕಚೇರಿಗೆ ಒಯ್ಯುವ ಮೊದಲು ಹಿಂಬದಿಯ ಬುಷ್‌ಗಳನ್ನೂ ಮಂಕಾಗಿರುವ ಹೆಡ್‌ಲೈಟಿನ ಗಾಜುಗಳನ್ನೂ ಸರಿಪಡಿಸಬೇಕಿದೆ. ಬುಷ್‌ಗಳು ಬಂದು ತಲುಪಿವೆ, ಹೆಡ್‌ಲೈಟಿನ ಕೆಲಸಕ್ಕೆ ಹಾಸನದಲ್ಲಿ ಒಬ್ಬರು ಮುಂದಿನ ವಾರ ಬರಹೇಳಿದ್ದಾರೆ.